ಹಂಪಿಯ ನಕಾಶೆಯಲ್ಲಿ ಕೇರಿ ಎಲ್ಲಿದೆ?

ವಿಜಯನಗರದ ಬಜಾರಿನಲ್ಲಿ ಮುತ್ತು ರತ್ನಗಳನ್ನು ಸೇರಿನಲ್ಲಿ ಅಳೆದು ಮಾರುತ್ತಿದ್ದರು ಎಂಬ ಮಾತನ್ನು ಕೇಳದ ಕನ್ನಡಿಗನಿಲ್ಲ. ಪ್ರಾಥಮಿಕ ಶಾಲೆಯ ಪಾಠದಿಂದ ಹಿಡಿದು ರಾಜ್ಯೋತ್ಸವದ ಭಾಷಣದವರೆಗೆ ಈ ಮಾತು ಒಂದು ಮಂತ್ರದ ಹಾಗೆ ಬಳಕೆಯಾಗುತ್ತ ಬಂದಿದೆ. ಇದರಲ್ಲಿ ಮುತ್ತಿದೆ, ಸೇರಿದೆ, ಮಾರುವವನಿದ್ದಾನೆ, ಕೊಳ್ಳುವವನಿದ್ದಾನೆ. ಆ ಬಜಾರನ್ನು ಬೆಳಗಾಗುವ ಮುಂಚೆ ಗುಡಿಸಿದವರು ಯಾರು, ಮುತ್ತು ತುಂಬಿದ ತೊಗಲ ಚೀಲವನ್ನು ಹೊಲಿದವರು ಯಾರು, ಸತ್ತ ಎತ್ತನ್ನು ಆ ಬೀದಿಯಿಂದ ಎಳೆದುಕೊಂಡು ಹೋದವರು ಯಾರು ಎಂಬುದು ಮಾತ್ರ ಇಲ್ಲ. ಇತಿಹಾಸದ ಉಪನ್ಯಾಸಕ ಕೆಲಸ ಹಿಡಿದು ಮಕ್ಕಳಿಗೆ ಇದೇ ಪಾಠ ಹೇಳುವ ಸರದಿ ನನಗೆ ಬಂದ ಮೇಲೆ ಈ ಪ್ರಶ್ನೆಗಳು ಬಿಡದೆ ಕಾಡತೊಡಗಿದವು.

ದಲಿತ ವಿಮರ್ಶೆ ಎಂದರೆ ಕಥೆ ಕವಿತೆಗಳನ್ನು ದಲಿತ ಪ್ರಜ್ಞೆಯಿಂದ ಓದುವುದು ಎಂದಷ್ಟೇ ನಾವು ತಿಳಿದಂತಿದೆ. ಆದರೆ ಕಲ್ಲೂ ಒಂದು ಪಠ್ಯವೇ. ಅಗೆದು ತೆಗೆದ ಬೀದಿಯೂ ಒಂದು ಪಠ್ಯವೇ. ಅದನ್ನು ಯಾರು ಬರೆದರು, ಯಾರು ಓದುತ್ತಿದ್ದಾರೆ, ಓದುವಾಗ ಯಾವ ಸಾಲನ್ನು ಹಾರಿಸುತ್ತಿದ್ದಾರೆ ಎಂದು ಕೇಳುವುದೂ ವಿಮರ್ಶೆಯ ಕೆಲಸವೇ. ಆ ದೃಷ್ಟಿಯಿಂದ ಹಂಪಿಯ ಬಜಾರುಗಳನ್ನು ನೋಡುವ ಒಂದು ಪ್ರಯತ್ನ ಇದು.

1

ಮೊದಲು ಅಲ್ಲಿ ಏನು ಉಳಿದಿದೆ ಎಂದು ನೋಡೋಣ. ಹಂಪಿಯಲ್ಲಿ ದೊಡ್ಡ ಗುಡಿಗೊಂದು ದೊಡ್ಡ ಬಜಾರು. ವಿರೂಪಾಕ್ಷನ ಗೋಪುರದ ಮುಂದಿನಿಂದ ಮಾತಂಗ ಬೆಟ್ಟದ ಬುಡದ ಏಕಶಿಲಾ ನಂದಿಯವರೆಗೆ ಸುಮಾರು ಮುಕ್ಕಾಲು ಕಿಲೋಮೀಟರಿನ ಬೀದಿ, ಎರಡೂ ಕಡೆ ಕಲ್ಲುಮಂಟಪಗಳ ಸಾಲು. ವಿಠ್ಠಲನ ಮುಂದಿನದು ಇನ್ನೂ ಉದ್ದ, ಒಂಬೈನೂರು ಮೀಟರಿಗೂ ಹೆಚ್ಚು. ಉದಯಗಿರಿಯನ್ನು ಗೆದ್ದ ನೆನಪಿಗೆ ಕೃಷ್ಣದೇವರಾಯ ಕಟ್ಟಿಸಿದ ಕೃಷ್ಣನ ಗುಡಿಯ ಎದುರಿಗೆ ಕೃಷ್ಣ ಬಜಾರು. ಬಹುಕಾಲ ಹೊಲಗದ್ದೆಯಾಗಿದ್ದ ಈ ಜಾಗವನ್ನು ಪುರಾತತ್ವ ಇಲಾಖೆ ಅಗೆದು ಮಂಟಪಗಳ ಸಾಲನ್ನು ಬಯಲಿಗೆ ತಂದಿತು. 1534ರ ಅಚ್ಯುತರಾಯನ ಗುಡಿಯ ಮುಂದಿನದು ಪುಸ್ತಕಗಳಲ್ಲಿ ಅಚ್ಯುತರಾಯನ ಬಜಾರು, ಜನರ ಬಾಯಲ್ಲಿ ಸೂಳೆ ಬಜಾರು.

ಇವೆಲ್ಲ ಗುಡಿಯ ಬಜಾರುಗಳಾದರೆ ಅರಮನೆಯ ಕಡೆಯದು ಪಾನ್‌ಸುಪಾರಿ ಬಜಾರು. ಹಜಾರರಾಮನ ಗುಡಿಯ ಬಳಿಯಿಂದ ಈಶಾನ್ಯಕ್ಕೆ ಹೋಗುವ ಈ ಬೀದಿಯನ್ನು ಅಗೆದಾಗ ಸಾಲಾಗಿ ಅಂಗಡಿಗಳ ತಳಪಾಯ ಸಿಕ್ಕಿತು. ಅದರ ಹೆಸರು ನಮಗೆ ಗೊತ್ತಾದದ್ದು ಪಕ್ಕದ ಪಾರ್ಶ್ವನಾಥ ಬಸದಿಯ ಶಾಸನದಿಂದ. ಎಲೆ ಅಡಿಕೆ ಮಾರುವ ಬೀದಿಯಲ್ಲಿ ಎರಡನೆಯ ದೇವರಾಯ 1426ರಲ್ಲಿ ಈ ಬಸದಿಯನ್ನು ಕಟ್ಟಿಸಿದ ಎಂದು ಅದು ಹೇಳುತ್ತದೆ. ಅಂದರೆ ಬಜಾರಿಗೆ ಹೆಸರು ಬಂದದ್ದು ಮುತ್ತಿನಿಂದಲ್ಲ, ಎಲೆ ಅಡಿಕೆಯಿಂದ. ಇದು ಸಣ್ಣ ವಿಷಯವಲ್ಲ. ಮುತ್ತು ಕೆಲವರಿಗೆ ಬೇಕು, ಎಲೆ ಅಡಿಕೆ ಎಲ್ಲರಿಗೂ ಬೇಕು.

ಈ ಸಾಲುಮಂಟಪಗಳನ್ನು ನೋಡಿದ ಯಾರಿಗೇ ಆದರೂ ಒಂದು ವಿಷಯ ತಿಳಿಯುತ್ತದೆ. ಉಳಿದಿರುವುದು ಕಲ್ಲು ಮಾತ್ರ. ಮಣ್ಣಿನ ಗೋಡೆ ಕರಗಿತು, ಗರಿ ಹುಲ್ಲಿನ ಸೂರು ಉರಿಯಿತು, ಮರ ಗೆದ್ದಲಿಗೆ ಹೋಯಿತು. ಚರ್ಮ ಮಣ್ಣಾಯಿತು. ಇದನ್ನು ನಾವು ನಿಸರ್ಗದ ನಿಯಮ ಅಂತ ಸುಮ್ಮನಾಗುತ್ತೇವೆ. ಆದರೆ ಈ ನಾಡಿನಲ್ಲಿ ಯಾರಿಗೆ ಕಲ್ಲು, ಯಾರಿಗೆ ಮಣ್ಣು ಎಂಬುದನ್ನು ನಿಸರ್ಗ ತೀರ್ಮಾನಿಸಲಿಲ್ಲ, ಜಾತಿ ತೀರ್ಮಾನಿಸಿತು. ಕಲ್ಲಿನಲ್ಲಿ ವಾಸ ಮಾಡಿದ ದೇವರು, ದೊರೆ, ವರ್ತಕರು ಪುರಾತತ್ವದ ಕಣ್ಣಿಗೆ ಬೀಳುತ್ತಾರೆ. ಹುಲ್ಲಿನ ಗುಡಿಸಲಿನಲ್ಲಿದ್ದುಕೊಂಡು ಚರ್ಮ ಹದ ಮಾಡಿದವನು ಬೀಳುವುದಿಲ್ಲ. ಐದು ನೂರು ವರ್ಷದ ಹಿಂದೆ ಊರ ಹೊರಗಿಟ್ಟವನನ್ನು ಈಗ ಇತಿಹಾಸದ ಹೊರಗೂ ಇಡಲು ಯಾರೂ ಶ್ರಮಪಡಬೇಕಾಗಿಲ್ಲ. ಮಳೆ ಗಾಳಿಗಳೇ ಆ ಕೆಲಸ ಮಾಡಿ ಮುಗಿಸಿವೆ.

2

ಕಲ್ಲು ಹೇಳದ್ದನ್ನು ಪ್ರವಾಸಿಗಳು ಹೇಳಿಯಾರೆ? 1443ರಲ್ಲಿ ಬಂದ ಪರ್ಶಿಯಾದ ರಾಯಭಾರಿ ಅಬ್ದುಲ್ ರಜಾಕ್ ಅರಮನೆಯ ಬಳಿಯ ಬಜಾರುಗಳನ್ನು ವರ್ಣಿಸುತ್ತಾನೆ. ಒಂದೊಂದು ಕಸುಬಿನವರ ಅಂಗಡಿಗಳು ಒಂದೊಂದು ಕಡೆ ಒತ್ತಾಗಿದ್ದವು, ರತ್ನದ ವ್ಯಾಪಾರಿಗಳು ಬಯಲಿನಲ್ಲೇ ಮಾರುತ್ತಿದ್ದರು, ಗುಲಾಬಿ ಹೂವಿಲ್ಲದೆ ಈ ಜನ ಬದುಕಲಾರರು ಎನ್ನುತ್ತಾನೆ. ಅದೇ ಬರವಣಿಗೆಯಲ್ಲಿ ಇನ್ನೊಂದು ಮಾತಿದೆ. ನಗರದ ಹನ್ನೆರಡು ಸಾವಿರ ಕಾವಲಿನವರ ಸಂಬಳ ಬರುತ್ತಿದ್ದುದು ಸೂಳೆಗೇರಿಯ ಆದಾಯದಿಂದ. ಗುಲಾಬಿಯ ಮಾತು ನಮ್ಮ ಪುಸ್ತಕಗಳಿಗೆ ಬಂತು, ಹೆಂಗಸರ ಮೈಯಿಂದ ಬಂದ ಸಂಬಳದ ಮಾತು ಅಷ್ಟಾಗಿ ಬರಲಿಲ್ಲ. ಅಚ್ಯುತರಾಯನ ಬಜಾರನ್ನು ತೋರಿಸಿ ನಗುತ್ತ ಸೂಳೆ ಬಜಾರು ಎನ್ನುವವರು, ಈ ಬಳ್ಳಾರಿ ಸೀಮೆಯಲ್ಲಿ ನಮ್ಮ ಕೇರಿಗಳ ಹೆಣ್ಣುಮಕ್ಕಳಿಗೆ ಮುತ್ತು ಕಟ್ಟುವುದನ್ನು ನಿಲ್ಲಿಸಲು 1982ರಲ್ಲಿ ಕಾನೂನು ಮಾಡಬೇಕಾಯಿತು ಎಂಬುದನ್ನು ನೆನೆಯಬೇಕು. ಮುತ್ತು ಎಂಬ ಪದಕ್ಕೆ ಹಂಪಿಯ ಸುತ್ತ ಎರಡು ಅರ್ಥಗಳಿವೆ.

ಸುಮಾರು 1520ರಲ್ಲಿ ಬಂದ ಪೋರ್ಚುಗೀಸ್ ಪ್ರವಾಸಿ ದೊಮಿಂಗೊ ಪಾಯೆಸ್ ಇನ್ನೂ ಹೆಚ್ಚು ನೋಡಿದ್ದಾನೆ. ರಾಬರ್ಟ್ ಸೀವೆಲ್ 1900ರಲ್ಲಿ ಇಂಗ್ಲಿಷಿಗೆ ತಂದ ಮೇಲೆ ಅವನ ಬರವಣಿಗೆ ನಮ್ಮ ಇತಿಹಾಸಕಾರರ ಕೈಪಿಡಿಯಾಯಿತು. ಅವನು ಕಂಡ ಅಗಲವಾದ ಬೀದಿಯಲ್ಲಿ ಮಾಣಿಕ್ಯ, ವಜ್ರ, ಪಚ್ಚೆ, ಮುತ್ತು, ಬಟ್ಟೆ ಎಲ್ಲವೂ ಇದ್ದವು. ನಮ್ಮವರು ಇಲ್ಲಿಗೆ ಪುಸ್ತಕ ಮುಚ್ಚುತ್ತಾರೆ. ಪಾಯೆಸ್ ನಿಲ್ಲುವುದಿಲ್ಲ. ಅದೇ ಬೀದಿಯಲ್ಲಿ ಸಾಯಂಕಾಲ ನೆರೆಯುವ ಸಂತೆಯಲ್ಲಿ ಸಾಧಾರಣ ಕುದುರೆ, ತಟ್ಟು, ನಿಂಬೆ, ಕಿತ್ತಳೆ, ತರಕಾರಿ, ಸೌದೆ ಮಾರುತ್ತಿದ್ದರು ಎನ್ನುತ್ತಾನೆ. ಮುಂದಿನ ಬಾಗಿಲು ದಾಟಿದರೆ ಕಸುಬುದಾರರ ಬೀದಿ. ಅಲ್ಲಿ ಪ್ರತಿ ಶುಕ್ರವಾರ ಸಂತೆ. ಆ ಸಂತೆಯಲ್ಲಿ ಹಂದಿ, ಕೋಳಿ, ಸಮುದ್ರದಿಂದ ಬಂದ ಒಣಮೀನು, ಜೊತೆಗೆ ತನಗೆ ಹೆಸರೇ ಗೊತ್ತಿಲ್ಲದ ಈ ನಾಡಿನ ಎಷ್ಟೋ ಪದಾರ್ಥಗಳಿದ್ದವು ಎಂದು ಬರೆಯುತ್ತಾನೆ. ಹೀಗೆಯೇ ನಗರದ ಒಂದೊಂದು ಕಡೆ ದಿನಕ್ಕೊಂದು ಸಂತೆ ನಡೆಯುತ್ತಿತ್ತಂತೆ.

ಈ ಶುಕ್ರವಾರದ ಸಂತೆ ನನಗೆ ಬಹಳ ಮುಖ್ಯವಾಗಿ ಕಾಣುತ್ತದೆ. ಹಂದಿ ಮಾಂಸ, ಒಣಮೀನು ಕೊಳ್ಳುವವರು ಯಾರು? ಅವರು ಗೋಪುರದ ಮುಂದಿನ ಮಂಟಪದಲ್ಲಿ ಕೂತವರಲ್ಲ. ಈ ನಗರವನ್ನು ಕಲ್ಲು ಹೊತ್ತು ಕಟ್ಟಿದ, ಕೆರೆ ತೋಡಿದ, ಕುದುರೆಗೆ ಹುಲ್ಲು ಹಾಕಿದ ಜನ. ಪಾಯೆಸ್‌ಗೆ ಹೆಸರು ಗೊತ್ತಿಲ್ಲದ ಪದಾರ್ಥಗಳಿಗೆ ಹೆಸರಿರಲಿಲ್ಲ ಎಂದಲ್ಲ. ಮಾರುತ್ತಿದ್ದ ಹೆಂಗಸು ಕೂಗಿ ಕೂಗಿ ಅದೇ ಹೆಸರನ್ನು ಹೇಳುತ್ತಿದ್ದಿರಬೇಕು. ಪರದೇಶದವನಿಗೆ ಭಾಷೆ ಗೊತ್ತಿರಲಿಲ್ಲ, ಅದು ಅವನ ಮಿತಿ. ಭಾಷೆ ಗೊತ್ತಿದ್ದ ನಮ್ಮ ವಿದ್ವಾಂಸರೂ ಕೇಳಲಿಲ್ಲವಲ್ಲ, ಅದು ಮಿತಿಯಲ್ಲ, ಆಯ್ಕೆ. ಮುತ್ತಿನ ಸಾಲನ್ನು ಉಳಿಸಿಕೊಂಡು ಹಂದಿಯ ಸಾಲನ್ನು ಬಿಟ್ಟದ್ದರಲ್ಲಿ ಸುವರ್ಣಯುಗ ಎಂಬ ಕಲ್ಪನೆಯ ಪುರೋಹಿತಶಾಹಿ ರುಚಿ ಎದ್ದು ಕಾಣುತ್ತದೆ.

3

ಊರಿದ್ದ ಕಡೆ ಹೊಲಗೇರಿ ಇದ್ದೇ ಇರುತ್ತದೆ ಎಂದು ಗಾದೆ. ಮೇಲ್ಜಾತಿಯವರು ಇದನ್ನು ಹೀನಾಯಕ್ಕೆ ಬಳಸುತ್ತ ಬಂದರು. ನಾನು ಇದನ್ನು ಪುರಾತತ್ವದ ಒಂದು ಸೂತ್ರವಾಗಿ ಬಳಸಲು ಇಷ್ಟಪಡುತ್ತೇನೆ. ಊರಿದ್ದ ಕಡೆ ಹೊಲಗೇರಿ ಇರಲೇಬೇಕಾದರೆ ಹಂಪಿಯದು ಎಲ್ಲಿ? ವಿದ್ವಾಂಸರು ಹಂಚಿಕೊಟ್ಟ ನಕಾಶೆಯಲ್ಲಿ ಧಾರ್ಮಿಕ ಕೇಂದ್ರವಿದೆ, ರಾಜಕೇಂದ್ರವಿದೆ, ಗಣ್ಯರ ಮನೆಗಳ ನೆಲೆಯಿದೆ, ಮುಸ್ಲಿಮರ ವಸತಿಯಿದೆ. ಕೇರಿ ಇಲ್ಲ. ಲಕ್ಷಗಟ್ಟಲೆ ಜನವಿದ್ದ ಊರಿಗೆ ಕೇರಿ ಇರಲಿಲ್ಲವೆಂದರೆ ಅಸ್ಪೃಶ್ಯತೆಯೇ ಇರಲಿಲ್ಲ ಎಂದಾಗಬೇಕು. ಹಾಗೆ ಹೇಳುವ ಧೈರ್ಯ ಯಾರಿಗೂ ಇಲ್ಲ. ಹಾಗಾದರೆ ಕೇರಿಯನ್ನು ಹುಡುಕಲಿಲ್ಲ ಎಂದೇ ಅರ್ಥ.

ಹುಡುಕಿದರೆ ಸಿಗುವ ದಾರಿಗಳಿವೆ. ಕ್ರಿಸ್ತಾಬ್ದ 1535ರ ಸುಮಾರಿನಲ್ಲಿ ಬರೆದ ನೂನಿಜ್, ಅರಸರು ವರ್ಷಕ್ಕೆ ಹದಿಮೂರು ಸಾವಿರ ಕುದುರೆ ಕೊಳ್ಳುತ್ತಿದ್ದರು ಎನ್ನುತ್ತಾನೆ. ಕುದುರೆಯ ವ್ಯಾಪಾರದ ಬಗ್ಗೆ ಎಷ್ಟು ಪುಟ ಬರೆದಿಲ್ಲ! ಆದರೆ ಒಂದೊಂದು ಕುದುರೆಗೂ ಜೀನು ಬೇಕು, ಲಗಾಮು ಬೇಕು, ಪಟ್ಟಿ ಬೇಕು. ಸೈನ್ಯಕ್ಕೆ ಕೆರ ಬೇಕು, ಗುರಾಣಿಗೆ ತೊಗಲು ಬೇಕು. ತೋಟಕ್ಕೆ ನೀರೆತ್ತುವ ಕಪಿಲೆಗೆ ಚರ್ಮದ ಚೀಲ ಬೇಕು, ಡಂಗುರಕ್ಕೆ ತಮಟೆ ಬೇಕು. ಇಷ್ಟು ಚರ್ಮ ಹದವಾಗಬೇಕಾದರೆ ಸುಣ್ಣ, ತಂಗಡಿ ತೊಗಟೆ, ನೀರಿನ ತೊಟ್ಟಿ, ಅವೆಲ್ಲ ನಗರದಿಂದ ದೂರಕ್ಕೆ ಗಾಳಿಯ ಕೆಳಗೆ ಒಂದು ನೆಲೆ ಬೇಕು. 1988ರಿಂದ ಒಂದು ದಶಕ ಕಾಲ ಕಾರ್ಲಾ ಸಿನೊಪೊಲಿ, ಕ್ಯಾಥ್ಲೀನ್ ಮಾರಿಸನ್ ಹಂಪಿಯ ಸುತ್ತಲಿನ ಹೊಲ, ಗುಡ್ಡ, ಕೆರೆ, ಕಾಲುವೆಗಳನ್ನು ನಡೆದೇ ಸಮೀಕ್ಷೆ ಮಾಡಿದರು. ಗೋಪುರ ಬಿಟ್ಟು ಮಡಕೆ ಚೂರು ಎತ್ತಿ ನೋಡಿದರು, ಕಸುಬುಗಳ ಲೆಕ್ಕ ಹಿಡಿದರು. ನಮ್ಮ ವಿಶ್ವವಿದ್ಯಾಲಯಗಳು ಆ ದಾರಿಯಲ್ಲಿ ಇನ್ನೂ ಮುಂದೆ ಹೋಗಿ ಚರ್ಮದ ನೆಲೆಗಳನ್ನು ಹುಡುಕುವ ಕೆಲಸ ಆಗಬೇಕು.

4

ಹಾಗಾದರೆ ದಲಿತರು ಈ ಬಜಾರಿನ ಹೊರಗೇ ಇದ್ದರೆ? ಇಷ್ಟು ಸರಳವಾಗಿ ಹೇಳಿದರೆ ಅದೂ ತಪ್ಪಾದೀತು. ನಮ್ಮ ಹಳೆಯ ಮೈಸೂರು ಸೀಮೆಯಲ್ಲಿ ಛಲವಾದಿ ಎಂಬ ಹೊಲೆಯ ಹಿಡಿಯುತ್ತಿದ್ದ ಗಂಟೆ ಬಟ್ಟಲನ್ನು ನೋಡಬೇಕು. ಹಿತ್ತಾಳೆಯ ದೊಡ್ಡ ಸೌಟು, ಅದಕ್ಕೊಂದು ಗಂಟೆ, ಸರಪಳಿ, ಸರಪಳಿಯಲ್ಲಿ ಹದಿನೆಂಟು ಕಸುಬುಗಳ ಗುರುತುಗಳು. ಲೂಯಿ ರೈಸ್ ಇದನ್ನು ದಾಖಲಿಸಿದ್ದಾನೆ. ಬಲಗೈಯ ಹದಿನೆಂಟು ಪಣಗಳಿಗೆ ಬಣಜಿಗ ವರ್ತಕರು ಮುಂದಾಳು, ಹೊಲೆಯರು ಅವರ ಬಲ. ಎಡಗೈಯ ಒಂಬತ್ತು ಪಣಗಳಿಗೆ ಪಾಂಚಾಳರು ಮುಂದಾಳು, ಮಾದಿಗರು ಅವರ ಬಲ. ಮದುವೆ ಚಪ್ಪರಕ್ಕೆ ಹನ್ನೆರಡು ಕಂಬವೋ ಹನ್ನೊಂದೋ, ಬೀದಿಯಲ್ಲಿ ಕುದುರೆ ಹತ್ತುವವರು ಯಾರು ಎಂಬ ಜಗಳದಲ್ಲಿ ತಲೆ ಒಡೆಸಿಕೊಂಡವರು ಈ ಬಲಗಳು.

ವರ್ತಕರ ಅಧಿಕಾರದ ಮುದ್ರೆ ಇದ್ದದ್ದು ಹೊಲೆಯನ ಕೈಯಲ್ಲಿ! ಮೆರವಣಿಗೆಯ ಮುಂದೆ ಅವನೇ ಗಂಟೆ ಬಾರಿಸಬೇಕು. ಮೆರವಣಿಗೆ ಮುಗಿದ ಮೇಲೆ ಅವನು ವರ್ತಕನ ಜಗುಲಿ ಹತ್ತುವಂತಿಲ್ಲ. ಅಸ್ಪೃಶ್ಯತೆ ಎಂದರೆ ಬರೀ ದೂರ ಇಡುವುದಲ್ಲ. ಬೇಕಾದಾಗ ಮುಂದಕ್ಕೆ, ಬೇಡವಾದಾಗ ಹೊರಕ್ಕೆ ಇಡುವ ಯಜಮಾನಿಕೆ ಅದು.

ಇದಕ್ಕೆ ಕಲ್ಲಿನಲ್ಲೇ ಸಾಕ್ಷಿ ಇದೆ. 1368ರಲ್ಲಿ ಜೈನರಿಗೂ ಶ್ರೀವೈಷ್ಣವರಿಗೂ ವ್ಯಾಜ್ಯ ಬಂದಾಗ ಬುಕ್ಕರಾಯ ರಾಜಿ ಮಾಡಿಸಿ ಬರೆಸಿದ ಶಾಸನ ಶ್ರವಣಬೆಳಗೊಳದಲ್ಲಿದೆ. ವೈಷ್ಣವರ ಕಡೆಯಿಂದ ನಿಂತವರ ಪಟ್ಟಿಯಲ್ಲಿ ತಿರುನಾರಾಯಣಪುರ, ಅಂದರೆ ನಮ್ಮ ಮೇಲುಕೋಟೆಯ ಆಚಾರ್ಯರಿಂದ ಹಿಡಿದು ಕೊನೆಗೆ ತಿರುಕುಲ, ಜಾಂಬವಕುಲದವರೂ ಇದ್ದಾರೆ. ತಿರುಕುಲ ಎಂದರೆ ಹೊಲೆಯರು, ಜಾಂಬವಕುಲ ಎಂದರೆ ಮಾದಿಗರು. ನಾಡಿನ ಮುಂದೆ ಬಲ ತೋರಿಸಬೇಕಾದಾಗ ಅವರ ಹೆಸರು ಕಲ್ಲಿಗೆ ಏರಿತು. ಅದೇ ಮೇಲುಕೋಟೆಯ ಗುಡಿಯೊಳಕ್ಕೆ ತಿರುಕುಲದವರಿಗೆ ಇದ್ದ ಪ್ರವೇಶ ವರ್ಷದಲ್ಲಿ ಮೂರು ದಿನ. ಉಳಿದ ದಿನಗಳಲ್ಲಿ ಹೆಸರು ಕಲ್ಲಿನಲ್ಲಿ, ಮೈ ಹೊರಗೆ.

ಇನ್ನೊಂದು ಶಾಸನದ ಸಂಗತಿಯನ್ನೂ ಇಲ್ಲಿ ಸೇರಿಸಬೇಕು. ಪಾನ್‌ಸುಪಾರಿ ಬಜಾರಿನ ಬಸದಿ ಎದ್ದ ಮೂರೇ ವರ್ಷಕ್ಕೆ, 1429ರಲ್ಲಿ, ಅದೇ ದೇವರಾಯನ ಆಳ್ವಿಕೆಯಲ್ಲಿ, ತಮಿಳು ಸೀಮೆಯ ಕಾವೇರಿ ಬಯಲಿನಲ್ಲಿ ಎಡಗೈ ಬಲಗೈ ಎರಡೂ ಒಂದಾಗಿ ಅಧಿಕಾರಿಗಳ, ಜಮೀನ್ದಾರರ ತೆರಿಗೆಯ ವಿರುದ್ಧ ಎದ್ದು ನಿಂತವು. ಜಪಾನಿನ ನೊಬೊರು ಕರಾಶಿಮ ಈ ಶಾಸನಗಳನ್ನು ವಿವರವಾಗಿ ಓದಿದ್ದಾರೆ. ಬಜಾರಿನ ವೈಭವ ಮತ್ತು ಈ ದಂಗೆ ಒಂದೇ ಕಾಲದವು. ಎರಡನ್ನೂ ಒಂದೇ ಪುಟದಲ್ಲಿ ಬರೆದ ಪಠ್ಯಪುಸ್ತಕವನ್ನು ನಾನು ನೋಡಿಲ್ಲ. ಬೇರೆ ಬೇರೆ ಪಣಗಳಲ್ಲಿ ನಿಂತು ನೂರಾರು ವರ್ಷ ಹೊಡೆದಾಡಿದ ಎಡಗೈ ಬಲಗೈಗಳ ಮಕ್ಕಳಾದ ನಾವು, ಈಗಲೂ ಎಡ ಬಲ ಎಂದು ಸಿಟ್ಟಾಗುವ ನಾವು, 1429ನ್ನು ನೆನಪಿಟ್ಟುಕೊಳ್ಳುವುದು ಒಳ್ಳೆಯದು.

5

ನಾನು ಸಿಂಧಘಟ್ಟದ ಕಡೆಯವನು. ಕೃಷ್ಣರಾಜಪೇಟೆ ತಾಲ್ಲೂಕು. ಊರಲ್ಲಿ ಹೊಯ್ಸಳರ ಕಾಲದ ಲಕ್ಷ್ಮೀನಾರಾಯಣನ ಗುಡಿಯಿದೆ. ನಮ್ಮ ತಾಲ್ಲೂಕಿನಲ್ಲಿ ಸಂತೆಬಾಚಹಳ್ಳಿ ಎಂಬ ಹೋಬಳಿಯೇ ಇದೆ. ಸಂತೆ ಎಂಬುದು ಊರಿನ ಹೆಸರಿಗೇ ಅಂಟಿಕೊಂಡಷ್ಟು ಹಳೆಯದು. ನಮ್ಮಜ್ಜಿ ಸೌದೆ ಹೊರೆ, ಹುಲ್ಲು ಹೊರೆ ಹೊತ್ತು ಸಂತೆಗೆ ಹೋಗುತ್ತಿದ್ದವಳು. ಊರಿನ ಅಂಗಡಿಯಲ್ಲಿ ಉಪ್ಪು ತರಬೇಕಾದರೆ ಅವಳು ಕಟ್ಟೆ ಮುಟ್ಟದೆ ನಿಂತು ಸೆರಗೊಡ್ಡಬೇಕಾಗಿತ್ತು. ಕಾಸನ್ನು ಕಟ್ಟೆಯ ಮೇಲಿಟ್ಟರೆ ನೀರು ಚಿಮುಕಿಸಿ ಎತ್ತಿಕೊಳ್ಳುತ್ತಿದ್ದರಂತೆ. ಸಂತೆಯ ಬಗ್ಗೆ ಕೇಳಿದರೆ ಮಾತ್ರ ಅವಳ ಮುಖ ಅರಳುತ್ತಿತ್ತು. "ಸಂತೇಲಿ ಯಾವನ್ ಕೇಳಾನ್ ಮಗ ಜಾತಿಯಾ? ನಮ್ಮೂರ್ನೋರು ಕಂಡ್ರೆ ಮಾತ್ರ ವಸಿ ದೂರ ನಿಂತ್ಕಬೇಕು, ಅಷ್ಟೇಯ" ಅನ್ನುತ್ತಿದ್ದಳು.

ಈ ಮಾತಿನಲ್ಲಿ ಒಂದು ದೊಡ್ಡ ಸಾಮಾಜಿಕ ತತ್ವವಿದೆ. ಅಂಗಡಿಗೆ ಯಜಮಾನನಿದ್ದಾನೆ, ಜಗುಲಿಯಿದೆ, ಹೊಸ್ತಿಲಿದೆ. ಸಂತೆಗೆ ಹೊಸ್ತಿಲಿಲ್ಲ. ಅಲ್ಲಿ ಗೋಣಿತಾಟು ಹಾಸಿದವನೇ ವ್ಯಾಪಾರಿ. ಸಾವಿರ ಜನ ಮೈಗೆ ಮೈ ತಾಗಿಸಿ ನಡೆಯುವ ಕಡೆ ಮಡಿ ನಡೆಯುವುದಿಲ್ಲ. ಹಂಪಿಯಲ್ಲಿ ಈಗ ಉಳಿದಿರುವುದು ಹೊಸ್ತಿಲಿರುವ ಬಜಾರು, ಅಳಿಸಿಹೋಗಿರುವುದು ಹೊಸ್ತಿಲಿಲ್ಲದ ಶುಕ್ರವಾರದ ಸಂತೆ. ಇದನ್ನು ಅತಿಯಾಗಿ ಹೊಗಳಬಾರದು, ಸಂತೆಯಲ್ಲೂ ಅಂಚಿನ ಜಾಗ ನಮ್ಮದೇ ಆಗಿತ್ತು. ಆದರೂ ಕೇರಿಯವರು ಪುರುಸೊತ್ತಾಗಿ ಉಸಿರಾಡಿದ ಕೆಲವೇ ಜಾಗಗಳಲ್ಲಿ ಅದು ಒಂದು.

ಸಂತೆಯ ಮೇಲಿನ ತಿರಸ್ಕಾರ ಭಾಷೆಯಲ್ಲೂ ಇದೆ. ಬೇಕಾಬಿಟ್ಟಿ ಕೆಲಸಕ್ಕೆ ಸಂತೆಗೆ ಮೂರು ಮೊಳ ನೇಯ್ದ ಹಾಗೆ ಎನ್ನುತ್ತೇವೆ. 1800ರಲ್ಲಿ ಮೈಸೂರು ಸೀಮೆ ಸುತ್ತಿದ ಬುಕನನ್, ಹೊಲೆಯರು ಒರಟಾದ ಗಟ್ಟಿ ಬಿಳಿ ಬಟ್ಟೆ ನೇಯುವುದನ್ನು ಬರೆದಿದ್ದಾನೆ. ಸಂತೆಗೆ ಮೂರು ಮೊಳ ನೇಯ್ದವರು ಯಾರು, ಉಟ್ಟವರು ಯಾರು ಎಂದು ಯೋಚಿಸಿದರೆ ಗಾದೆಯ ನಗು ಯಾರ ಮೇಲೆ ಎಂಬುದು ತಿಳಿಯುತ್ತದೆ. ಆ ಮೂರು ಮೊಳ ನಮ್ಮವರ ಮಾನ ಮುಚ್ಚಿತ್ತು.

ಅಂಗಡಿಯ ಹೊಸ್ತಿಲಿನ ಅರ್ಥ ಅಂಬೇಡ್ಕರರಿಗೆ ಚೆನ್ನಾಗಿ ಗೊತ್ತಿತ್ತು. 1927ರ ಮಾರ್ಚ್ 20ರಂದು ಮಹಾಡಿನ ಕೆರೆಯ ನೀರು ಮುಟ್ಟಿದ್ದು ಬಾಯಾರಿಕೆಗಲ್ಲ, ಸಾರ್ವಜನಿಕ ಎಂಬ ಪದಕ್ಕೆ ಅರ್ಥ ತರುವುದಕ್ಕೆ. ಪೇಶ್ವೆಗಳ ಪುಣೆಯಲ್ಲಿ ಅಸ್ಪೃಶ್ಯನ ನೆರಳಿಗೂ ಬೀದಿ ಮುಚ್ಚಿದ್ದನ್ನು ಅವರು 1936ರಲ್ಲಿ ಬರೆದರು. ಸಂವಿಧಾನ ಸಭೆಯಲ್ಲಿ 1948ರ ನವೆಂಬರ್ 29ರಂದು, ಅಂಗಡಿಗಳಿಗೆ ಪ್ರವೇಶ ಕೊಡುವ ವಿಧಿಯ ಚರ್ಚೆಯಲ್ಲಿ ಅಂಗಡಿ ಎಂದರೇನು ಎಂಬ ಪ್ರಶ್ನೆ ಎದ್ದಿತು. ಒಳಗೆ ಕಾಲಿಡುವುದಷ್ಟೇ ಇದರ ಅರ್ಥವಲ್ಲ, ಹಣ ಕೊಡಲು ಒಪ್ಪಿದವನಿಗೆ ಅಲ್ಲಿನ ಸೇವೆಯೂ ಸಿಗಬೇಕು ಎಂದು ಅವರು ವಿವರಿಸಿದರು. ಅಗಸನ ಅಂಗಡಿ, ಕ್ಷೌರದಂಗಡಿಗಳೂ ಅದರೊಳಗೆ ಬಂದವು. ಹದಿನೈದನೆಯ ವಿಧಿಯ ಆ ಒಂದು ಪದಕ್ಕೆ ನಮ್ಮಜ್ಜಿ ಸೆರಗೊಡ್ಡಿ ನಿಂತ ಕಟ್ಟೆಯ ಇತಿಹಾಸವಿದೆ. ಸದಾಶಿವರಾಯನ ಕಾಲದಲ್ಲಿ ನಾವಿದರ ತೆರಿಗೆ ಮಾಫಿ ಮಾಡಿದ ಶಾಸನಗಳನ್ನು ನಾವು ಹೆಮ್ಮೆಯಿಂದ ಪಾಠ ಮಾಡುತ್ತೇವೆ. ಆ ನಾವಿದ ಯಾರ ತಲೆ ಮುಟ್ಟುತ್ತಿರಲಿಲ್ಲ ಎಂದೂ ಕೇಳಬೇಕಲ್ಲವೆ?

6

ಹಂಪಿಯ ಬಜಾರಿನ ಕಥೆ 1565ರ ಯುದ್ಧಕ್ಕೇ ಮುಗಿಯುವುದಿಲ್ಲ. ವಿರೂಪಾಕ್ಷ ಬಜಾರಿನ ಮಂಟಪಗಳಲ್ಲಿ ಮತ್ತೆ ಜನ ಸೇರಿಕೊಂಡರು, ಹೋಟೆಲು, ಹೂವಿನಂಗಡಿ, ಮನೆ ಎಲ್ಲ ಆದವು. 1986ರಲ್ಲಿ ಹಂಪಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಮಂಟಪಗಳಿಗೆ ಇಟ್ಟಿಗೆ ಗೋಡೆ ಕಟ್ಟಿ, ಸಿಮೆಂಟು ಮೆತ್ತಿ ಹಾಳು ಮಾಡಿದ್ದು ಸುಳ್ಳಲ್ಲ. ಆದರೆ 2011ರ ಜುಲೈ 29ರಂದು ಬುಲ್ಡೋಜರು ಬಂದಾಗ ಹೋದದ್ದು ಸಿಮೆಂಟು ಮಾತ್ರವಲ್ಲ. ನೂರಾರು ಕುಟುಂಬಗಳು ಬೀದಿಗೆ ಬಿದ್ದವು, ಕಡ್ಡಿರಾಂಪುರದ ಕಡೆಗೆ ಅವರಿಗೆ ಜಾಗ ತೋರಿಸಲಾಯಿತು. ಸಂತೆಯನ್ನು ಎಬ್ಬಿಸಿ ಸಂತೆಮಾಳವನ್ನು ರಕ್ಷಿಸಿದ ಹಾಗಾಯಿತು. ಕಲ್ಲನ್ನು ಉಳಿಸುವುದೇ ಅಥವಾ ಜನರನ್ನು ಉಳಿಸುವುದೇ ಎಂದು ಕೇಳುವ ಪದ್ಧತಿಯೇ ಸರಿಯಲ್ಲ. ಜನರಿಲ್ಲದ ಬಜಾರು ಯಾವ ಪರಂಪರೆಯನ್ನು ತೋರಿಸುತ್ತದೆ? ಪಾಯೆಸ್ ನೋಡಿದ್ದು ಕಂಬಗಳನ್ನಲ್ಲ, ಗದ್ದಲವನ್ನು.

ದಲಿತ ಇತಿಹಾಸ ಎಂದರೆ ದಲಿತ ರಾಜರನ್ನು, ದಲಿತ ವೀರರನ್ನು ಹುಡುಕಿ ಸುವರ್ಣಯುಗಕ್ಕೆ ಇನ್ನೊಂದು ಕಂಬ ಸೇರಿಸುವುದಲ್ಲ ಎಂದು ನನಗನ್ನಿಸುತ್ತದೆ. ಅದು ಲೆಕ್ಕ ಕೇಳುವ ಕೆಲಸ. ಹದಿಮೂರು ಸಾವಿರ ಕುದುರೆಗಳಿಗೆ ಚರ್ಮ ಎಲ್ಲಿಂದ ಬಂತು, ಮುಕ್ಕಾಲು ಕಿಲೋಮೀಟರು ಬೀದಿಯ ಕಸ ಎಲ್ಲಿಗೆ ಹೋಯಿತು, ಹನ್ನೆರಡು ಸಾವಿರ ಕಾವಲಿನವರ ಅನ್ನ ಯಾರ ಬೆವರು ಎಂಬ ಲೆಕ್ಕ. ಇದಕ್ಕೆ ಸುಂಕದ ಶಾಸನಗಳನ್ನು ಮತ್ತೆ ಓದಬೇಕು. ಊರೂರಿನ ಗಂಟೆ ಬಟ್ಟಲುಗಳು ಹಳೆಯ ಪಾತ್ರೆ ವ್ಯಾಪಾರಿಗಳ ಪಾಲಾಗುವ ಮುಂಚೆ ಅವುಗಳ ಮೇಲಿನ ಗುರುತುಗಳನ್ನು ಬರೆದಿಟ್ಟುಕೊಳ್ಳಬೇಕು. ಕಮಲಾಪುರ, ಹೊಸಪೇಟೆ ಸುತ್ತಿನ ಕೇರಿಗಳಲ್ಲಿ ಹಿರಿಯರ ಬಾಯಲ್ಲಿರುವ ಬೀದಿಯ ಹೆಸರು, ಬಾವಿಯ ಹೆಸರು, ದೇವರ ಹೆಸರುಗಳನ್ನು ಕೇಳಿಸಿಕೊಳ್ಳಬೇಕು. ಅಗೆಯುವವರು ಗೋಪುರದ ಮುಂದೆ ಮಾತ್ರ ಅಗೆಯದೆ ಕೋಟೆಯ ಹೊರಗೆ, ಕೆರೆಯ ಹಿಂದೆ, ಗಾಳಿಯ ಕೆಳಗೆ ಒಂದಷ್ಟು ಅಗೆಯಬೇಕು.

ಅಗೆತದ ಜಾಗಗಳಲ್ಲಿ ಗುದ್ದಲಿ ಹಿಡಿದು ಕೂಲಿಗೆ ಮಣ್ಣು ಎತ್ತುವವರಲ್ಲಿ ನಮ್ಮ ಕೇರಿಗಳ ಜನರೂ ಇರುತ್ತಾರೆ. ಎಲ್ಲಿ ಅಗೆಯಬೇಕು ಎಂದು ಹೇಳುವವರಲ್ಲಿಯೂ ಅವರು ಇರುವ ದಿನ ಬಂದರೆ ಹಂಪಿಯ ನಕಾಶೆ ಈಗಿರುವ ಹಾಗೆ ಇರಲಾರದು.